ಪ್ರತಿಕ್ರಿಯೆ: ಮಕ್ಕಳು ಪದ್ಯದ ಸಾಲಲ್ಲಿ ಎಡವುವುದೇಕೆ?

ಕಾರವಾರದ ಮಕ್ಕಳು ನಿಮ್ಮ ಚಿತ್ರಪುಸ್ತಕದ ‘ಕಾಳಿ ನದಿಯ ದಡದಲ್ಲಿ ಕುಳಿತಿತ್ತು ಬೆಳ್ಳಕ್ಕಿ’ ಸಾಲಲ್ಲಿ ತಡವರಿಸುವುದಕ್ಕೆ ಕಾರಣ ಬಹುಶಃ ಪದಗಳಲ್ಲ, ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2 ಅಂತ ಎಣಿಸಿ. ಐದು ಪದಗಳಿಗೆ ಕ್ರಮವಾಗಿ 3, 3, 5, 5, 5 ಬರುತ್ತದೆ. ಲಯದ ನಡೆ ಮಧ್ಯದಲ್ಲೇ ಬದಲಾಯಿತು, ಅಲ್ವಾ?

ಮೊದಲು ಚಪ್ಪಾಳೆ ತಟ್ಟುತ್ತಾ ಓದಿ, ಕೈ ತಪ್ಪುವ ಜಾಗಕ್ಕೆ ಗೆರೆ ಎಳೆಯಿರಿ. ಆಮೇಲೆ ಪದ ಬದಲಿಸಿ: ‘ಕಾಳಿಯ ದಡದಲಿ ಕುಳಿತಿತು ಕೊಕ್ಕರೆ’. ಎಲ್ಲವೂ ನಾಲ್ಕು ನಾಲ್ಕು. ‘ದಡದಲ್ಲಿ’ಯ ಒತ್ತು ಬಿಡುವುದು ಪದ್ಯದಲ್ಲಿ ತಪ್ಪಲ್ಲ. ಚಿತ್ರ ನಾನು ನೋಡಿಲ್ಲ. ಅದರ ಹಕ್ಕಿಗೆ ಕೊಕ್ಕರೆ ಹೊಂದದಿದ್ದರೆ ನಾಲ್ಕು ಮಾತ್ರೆಯ ಬೇರೆ ಪದ ಹುಡುಕಿ.

ಕೊನೆಗೆ ನೀವು ಓದಬೇಡಿ. ಪದ್ಯ ಗೊತ್ತಿಲ್ಲದ ಮಗುವಿನ ಕೈಗೆ ಹಾಳೆ ಕೊಟ್ಟು, ಅದು ಓದುವುದನ್ನು ಸುಮ್ನೆ ಕೇಳಿ. ಅದು ನಿಂತ ಕಡೆ ಮತ್ತೆ ತಿದ್ದಿ, ಆಮೇಲೆ ಅಚ್ಚಿಗೆ ಕೊಡಿ.