ತಂಬಾಕಿನ ಡಬ್ಬಿ ಯಾವ ಊರಿನದು?

ಪ್ರಶ್ನೆ: ಅಟ್ಟ ಗುಡಿಸುವಾಗ ವಿಲ್ಸ್ ಕಂಪನಿಯ ಕ್ಯಾಪ್‌ಸ್ಟನ್ ನೇವಿ ಕಟ್ ತಂಬಾಕಿನ ದುಂಡನೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳದ ಮೇಲೆ ‘ಬ್ರಿಸ್ಟಲ್ ಮತ್ತು ಲಂಡನ್’ ಎಂದಿದೆ. ಪಕ್ಕದಲ್ಲಿ ‘ಇಂಪೀರಿಯಲ್ ಟೊಬ್ಯಾಕೊ ಕಂಪನಿ’ ಎಂಬಷ್ಟು ಓದಬಹುದು; ಮುಂದಿನದನ್ನು ತುಕ್ಕು ತಿಂದಿದೆ. ಕಾಫಿ ತೋಟದ ದೊರೆಯೊಬ್ಬರು ಅಜ್ಜನಿಗೆ ಕೊಟ್ಟದ್ದೆಂದು ಮನೆಯವರು ಹೇಳುತ್ತಾರೆ. ಇದು ಇಂಗ್ಲೆಂಡಿನದೇ?
– ಓದುಗರೊಬ್ಬರು, ಕೊಪ್ಪ

ಉತ್ತರ: ಮುಚ್ಚಳದ ಮೇಲಿನ ಊರನ್ನು ನಂಬಿ ತೀರ್ಮಾನಿಸಬೇಡಿ. ಅದು ಹೆಸರಿನ ಒಡೆತನ ಯಾರದೆಂದು ಹೇಳುತ್ತದೆಯೇ ಹೊರತು, ಮಾಲು ಎಲ್ಲಿ ತಯಾರಾಯಿತೆಂದು ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ತುಕ್ಕು ತಿಂದ ಆ ಭಾಗದಲ್ಲಿಯೇ. ಬ್ರಿಸ್ಟಲ್‌ನ ವಿಲ್ಸ್, ನಾಟಿಂಗ್‌ಹ್ಯಾಮ್‌ನ ಪ್ಲೇಯರ್ ಮೊದಲಾದ ಕಂಪನಿಗಳು ಕೂಡಿ 1901ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಟೊಬ್ಯಾಕೊ ಕಂಪನಿಯಾದವು. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಎಂಬ ಬೇರೆಯೇ ಕಂಪನಿ ಹುಟ್ಟಿತು. ಇಂದಿನ ಐಟಿಸಿ ಅದೇ. ಆದ್ದರಿಂದ ‘ಆಫ್’ ಎಂಬುದರ ಮುಂದೆ ‘ಗ್ರೇಟ್ ಬ್ರಿಟನ್’ ಎಂದಿದ್ದರೆ ಡಬ್ಬಿ 1901ಕ್ಕಿಂತ ಹಿಂದಿನದಲ್ಲ. ‘ಇಂಡಿಯಾ’ ಎಂದಿದ್ದರೆ 1910ರ ಅನಂತರದ್ದು, ಮತ್ತು ಆ ಕಂಪನಿ 1970ರಲ್ಲಿ ಹೆಸರು ಬದಲಿಸಿಕೊಂಡ ಕಾರಣ ಬಹುಮಟ್ಟಿಗೆ ಅದಕ್ಕೆ ಮೊದಲಿನದು.

‘ಇಂಡಿಯಾ’ ಎಂದು ಕಂಡರೂ ಅವಸರಪಡಬೇಡಿ. ಆ ಕಂಪನಿ ಹೊರಗಿನಿಂದ ತರಿಸಿದ ಮಾಲನ್ನೂ ಮಾರುತ್ತಿದ್ದುದರಿಂದ, ‘ಮೇಡ್ ಇನ್’ ಎಂಬ ಮಾತು ಎಲ್ಲಿಯಾದರೂ ಇದೆಯೇ ಎಂದು ತಳದಲ್ಲಿಯೂ ಮುಚ್ಚಳದ ಒಳಗೂ ಹುಡುಕಬೇಕು. ಅದರ ಸಿಗರೇಟ್ ಕಾರ್ಖಾನೆ ನಮ್ಮ ಬೆಂಗಳೂರಿನಲ್ಲಿಯೇ 1913ರಲ್ಲಿ ಆರಂಭವಾಗಿತ್ತು. ತಳದ ಅಂಚಿನಲ್ಲಿ ಕಲ್ಕತ್ತೆಯ ಮೆಟಲ್ ಬಾಕ್ಸ್ ಕಂಪನಿಯ ಹೆಸರಿದ್ದರೆ ಡಬ್ಬಿ ತಯಾರಾದದ್ದು 1933ರ ಈಚೆಗೆ. ಬೆಲೆಯನ್ನು ನಯಾ ಪೈಸೆಯಲ್ಲಿ ಮುದ್ರಿಸಿದ್ದರೆ 1957ರ ಈಚಿನದು.

ಅಕ್ಷರ ಕಾಣಲಿ ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹಿತ್ತಾಳೆ ಚೊಂಬಿಗೆ ಒಗ್ಗುವ ಉಪಚಾರ ತಗಡಿನ ಮೇಲಿನ ಅಚ್ಚನ್ನೇ ಅಳಿಸಿಬಿಡುತ್ತದೆ. ಒಣ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಡಬ್ಬಿಯ ಮೈಗೆ ಓರೆಯಾಗಿ ಹಿಡಿದರೆ ಒತ್ತಚ್ಚಿನ ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದಿ.

ದೊರೆಯ ಕಥೆ ನಿಜವಿರಬಹುದು. ಆದರೆ ಇಂಥ ಡಬ್ಬಿಗಳು ಪೇಟೆಯ ಅಂಗಡಿಗಳಲ್ಲಿಯೂ ಸಿಗುತ್ತಿದ್ದವು, ಬಿಗಿ ಮುಚ್ಚಳದ ಡಬ್ಬಿಯನ್ನು ಮಲೆನಾಡಿನಲ್ಲಿ ಯಾರೂ ಎಸೆಯುತ್ತಿರಲಿಲ್ಲ. ಕೊಟ್ಟವರು ಇಂಗ್ಲಿಷರೆಂಬ ಕಾರಣಕ್ಕೆ ಡಬ್ಬಿಯೂ ಇಂಗ್ಲೆಂಡಿನದೆಂದು ಹೇಳಲಾಗದು.