ಕ್ರಿಸ್‌ಮಸ್ ಗಿಡ ಕಂದಾಗಿದೆಯೇ? ಮೊದಲು ನೀರಿನ ಚೊಂಬು ಕೆಳಗಿಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಿಡದ ಬಗ್ಗೆ. ಡಿಸೆಂಬರ್‌ನಲ್ಲಿ ನರ್ಸರಿಯಿಂದ ತಂದ ಕ್ರಿಸ್‌ಮಸ್ ಗಿಡ, ಶಿವರಾತ್ರಿ ಕಳೆಯುವಷ್ಟರಲ್ಲಿ ಕಂದು. ಹಾಗಾಗಿ ಗುಲಾಬಿಯವರು, ಕರಿಬೇವಿನವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಎರಡೂವರೆ ಅಡಿಯ ಕ್ರಿಸ್‌ಮಸ್ ಗಿಡ ತಂದು ಹಾಲ್‌ನಲ್ಲಿ ಟಿವಿ ಪಕ್ಕ, ಚಂದದ ಪಿಂಗಾಣಿ ಕುಂಡದೊಳಗೆ ಇಟ್ಟಿದ್ದೇವೆ. ಅತ್ತೆ ಬೆಳಗ್ಗೆ ತುಳಸಿಗೆ ನೀರು ಹಾಕಿ, ಹಾಗೇ ಇದಕ್ಕೂ ಒಂದು ಚೊಂಬು ಹಾಕುತ್ತಾರೆ. ಆದರೂ ಕೆಳಗಿನ ಎರಡು ಸುತ್ತು ಕೊಂಬೆ ಒಣಗಿವೆ. ನೀರು ಸಾಲುತ್ತಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಸಾಲದೆ ಅಲ್ಲ ಮೇಡಂ, ಜಾಸ್ತಿ ಆಗಿರಬೇಕು. ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಯಾಕೆಂದರೆ ನಾನೂ ಹೀಗೇ ಒಂದನ್ನು ಕೊಂದಿದ್ದೇನೆ, ಅದೂ ತೂತಿಲ್ಲದ ಪಿಂಗಾಣಿ ಕುಂಡದಲ್ಲೇ.

ನಿಮ್ಮದು ಪೈನ್ ಅಲ್ಲ, ಆರಾಕೇರಿಯಾ. ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕೆ ಶಾಂತಸಾಗರದಲ್ಲಿರುವ ನಾರ್ಫೋಕ್ ದ್ವೀಪ. 1774ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಆ ದ್ವೀಪಕ್ಕೆ ಹೋದಾಗ ಕಂಬದ ಹಾಗೆ ನೆಟ್ಟಗೆ ನಿಂತ ಈ ಮರಗಳನ್ನು ನೋಡಿ, ಹಡಗಿನ ಹಾಯಿ ಕಟ್ಟಲು ಹೇಳಿ ಮಾಡಿಸಿದಂತಿವೆ ಅಂದುಕೊಂಡ. ಆಮೇಲೆ ನೋಡಿದರೆ ಮರ ಅದಕ್ಕೆ ಅಷ್ಟು ಗಟ್ಟಿಯಿರಲಿಲ್ಲ, ಅದು ಬೇರೆ ಮಾತು. ಅಲ್ಲಿ 60 ಮೀಟರ್ ತನಕ ಬೆಳೆಯುತ್ತದೆ. ಕಡಲ ಗಾಳಿ, ಧಾರಾಳ ಬೆಳಕು, ನೀರು ಬಸಿದು ಹೋಗುವ ನೆಲ ಕಂಡ ಮರಕ್ಕೆ ಟಿವಿ ಪಕ್ಕದ ಮೂಲೆ ಹಿಡಿಸುವುದು ಕಷ್ಟ.

ಇಂಥ ಗಿಡಗಳ ದೊಡ್ಡ ತೊಂದರೆ ಏನೆಂದರೆ, ಅವು ತಡವಾಗಿ ಬಾಯಿ ಬಿಡುತ್ತವೆ. ದಾಸವಾಳಕ್ಕೆ ನೀರು ತಪ್ಪಿದರೆ ಸಂಜೆಗೇ ಎಲೆ ಜೋತು ಬೀಳುತ್ತದೆ, ನೀರು ಹಾಕಿದರೆ ಬೆಳಗ್ಗೆಗೆ ಸರಿ. ಆರಾಕೇರಿಯಾ ಎಲೆ ಸೂಜಿಯ ಹಾಗೆ ಬಿರುಸು, ಬಾಡುವುದೇ ಕಣ್ಣಿಗೆ ಕಾಣಲ್ಲ. ಬೇರು ಕೊಳೆಯಲು ಶುರುವಾಗಿ ಎಷ್ಟೋ ದಿನಗಳ ಮೇಲೆ ಕೊಂಬೆ ಕಂದಾಗುತ್ತದೆ. ಆಗ ನಾವೇನು ಮಾಡುತ್ತೇವೆ? ಅಯ್ಯೋ ಒಣಗಿದೆ ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ.

ಈಗ ಮಾಡಬೇಕಾದ್ದು ಇಷ್ಟು. ಪಿಂಗಾಣಿ ಕುಂಡದಿಂದ ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿ ನೋಡಿ, ಕೆಳಗೆ ನೀರು ನಿಂತಿರುತ್ತದೆ. ನಾತ ಬರುತ್ತಿದ್ದರೆ ಬೇರಿನ ಮುದ್ದೆಯನ್ನು ಹುಷಾರಾಗಿ ಹೊರಗೆ ತೆಗೆಯಿರಿ. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಗಟ್ಟಿಯಾಗಿರುವುದನ್ನು ಮುಟ್ಟಬೇಡಿ. ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಸಮ ಬೆರೆಸಿ, ತೂತಿರುವ ಕುಂಡದಲ್ಲಿ ನೆಡಿ. ಕುಂಡ ಬೇರಿನ ಮುದ್ದೆಗಿಂತ ಒಂದೆರಡು ಇಂಚು ಅಗಲ ಇದ್ದರೆ ಸಾಕು. ಬೆಳೆಯಲಿ ಅಂತ ಬಕೆಟ್ ಗಾತ್ರದ್ದು ತಂದರೆ ಬೇರು ಹರಡದ ಮಣ್ಣೆಲ್ಲ ಒದ್ದೆಯಾಗೇ ಉಳಿದು ಮತ್ತದೇ ಕಥೆ. ಹುಷಾರಿಲ್ಲದ ಗಿಡಕ್ಕೆ ಸದ್ಯ ಬೇರೆ ಗೊಬ್ಬರ ಬೇಡ.

ಆಮೇಲೆ ನೀರು. ಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ತೂರಿಸಿ. ತಣ್ಣಗೆ, ಒದ್ದೆಯಾಗಿದ್ದರೆ ಸುಮ್ನೆ ಬಿಟ್ಟುಬಿಡಿ. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ. ಮತ್ತೆ ಒಣಗುವ ತನಕ ಅದರ ತಂಟೆಗೆ ಹೋಗಬೇಡಿ. ವಾರಕ್ಕೆ ಎಷ್ಟು ಸಲ ಅಂತ ಕೇಳಿದರೆ ನಾನು ಹೇಳಲ್ಲ, ಏಪ್ರಿಲ್‌ನ ಲೆಕ್ಕ ಆಗಸ್ಟ್‌ಗೆ ಹೊಂದಲ್ಲ.

ಬೆಳಕು ಸಾಲದಿದ್ದರೂ ಕೆಳಗಿನ ಕೊಂಬೆಗಳೇ ಮೊದಲು ಹೋಗುತ್ತವೆ, ಆದ್ದರಿಂದ ಪೂರ್ವದ ಕಿಟಕಿ ಅಥವಾ ಬಾಲ್ಕನಿಗೆ ಸಾಗಿಸಿ. ಒಂದೇ ದಿನ ಬಿಸಿಲಿಗೆ ತಳ್ಳಬೇಡಿ, ಸುಟ್ಟುಹೋಗುತ್ತದೆ. ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ. ಒಣಗಿದ ಕೊಂಬೆಗಳನ್ನು ಕಾಂಡದ ಹತ್ತಿರ ಕತ್ತರಿಸಿ. ಆ ಜಾಗದಲ್ಲಿ ಹೊಸ ಕೊಂಬೆ ಬರಲ್ಲ, ಅದೊಂದು ಬೇಸರದ ಸಂಗತಿ. ಅತ್ತೆಯವರಿಗೆ ಹೇಳುವ ಕೆಲಸ ಮಾತ್ರ ನಿಮ್ಮದೇ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಪ್ರಶ್ನೆ: ನಮ್ಮ ಆರಾಕೇರಿಯಾ ಸೂರು ಮುಟ್ಟುತ್ತಿತ್ತು ಅಂತ ತುದಿ ಕತ್ತರಿಸಿಬಿಟ್ಟೆ. ಪೊದೆಯ ಹಾಗೆ ತುಂಬಿಕೊಳ್ಳುತ್ತದೆಯೇ? ಪಕ್ಕದ ಕೊಂಬೆಯೊಂದನ್ನು ನೆಟ್ಟರೆ ಹೊಸ ಗಿಡ ಬರುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕತ್ತರಿ ಹಿಡಿಯುವ ಮೊದಲು ಬರೆಯಬಾರದಿತ್ತೇ ಸರ್! ಇದು ದಾಸವಾಳದಂತೆ ಕವಲೊಡೆಯುವ ಗಿಡ ಅಲ್ಲ. ತುದಿ ಹೋದರೆ ಆ ಗೋಪುರದ ಆಕಾರ ಕೆಡುತ್ತದೆ. ಒಂದೋ ಎರಡೋ ಹೊಸ ಚಿಗುರು ಕಾಂಡದಿಂದ ಎದ್ದು ಬರಬಹುದು, ಬಂದರೆ ನೆಟ್ಟಗಿರುವ ಒಂದನ್ನೇ ಉಳಿಸಿ ಕೋಲಿಗೆ ಕಟ್ಟಿ.

ಪಕ್ಕದ ಕೊಂಬೆಯದು ತಮಾಷೆಯ ವಿಷಯ. ಅದು ಬೇರು ಬಿಟ್ಟರೂ ತಾನು ಕೊಂಬೆ ಅನ್ನುವುದನ್ನು ಮರೆಯಲ್ಲ. ಮೇಲಕ್ಕೆ ಹೋಗುವ ಬದಲು ಅಡ್ಡಡ್ಡಲೇ ಬೆಳೆಯುತ್ತದೆ. ನೆಟ್ಟಗಿನ ಗಿಡ ಬೇಕಾದರೆ ಬೀಜದಿಂದ ಆಗಬೇಕು, ಇಲ್ಲವೇ ನೆತ್ತಿಯ ತುದಿಯನ್ನೇ ನೆಡಬೇಕು. ನೀವು ಕತ್ತರಿಸಿದ ತುದಿಯನ್ನು ಎಸೆದಿರಿ ಅಂತ ಕಾಣುತ್ತದೆ.

ಪ್ರಶ್ನೆ: ಗೇಟಿನ ಎರಡೂ ಬದಿ ಕುಂಡದಲ್ಲಿ ಥೂಜಾ ಇದೆ, ನರ್ಸರಿಯವರು ಮೋರ್‌ಪಂಖಿ ಅನ್ನುತ್ತಾರೆ. ಒಂದರ ಗೋಡೆ ಕಡೆಯ ಅರ್ಧ ಭಾಗ ಕಂದಾಗಿದೆ. ಸತ್ತಿದೆಯೇ?
– ಓದುಗರು, ಕಲಬುರಗಿ

ಉತ್ತರ: ಉಗುರಿನಿಂದ ರೆಂಬೆಯ ತೊಗಟೆ ಚೂರು ಕೆರೆದು ನೋಡಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ. ಕಂದಾಗಿ ಪಟ್ಟನೆ ಮುರಿದರೆ ಆ ರೆಂಬೆಯ ಆಸೆ ಬಿಡಿ.

ಥೂಜಾ ಬಿಸಿಲಿನ ಗಿಡವೇ, ಅದನ್ನು ಮನೆಯೊಳಗೆ ಸಾಕುವವರದೇ ತಪ್ಪು. ಆದರೆ ನಿಮ್ಮೂರ ಮೇ ತಿಂಗಳಲ್ಲಿ ಸುಣ್ಣ ಬಳಿದ ಗೋಡೆಯಿಂದ ತಿರುಗಿ ಬಡಿಯುವ ಝಳ, ಜೊತೆಗೆ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಕಾಯುವ ಬೇರು, ಎರಡನ್ನೂ ತಡೆಯುವುದು ಕಷ್ಟ. ಕುಂಡವನ್ನು ಗೋಡೆಯಿಂದ ಎರಡು ಅಡಿ ಈಚೆಗೆ ಎಳೆದು, ಸುತ್ತ ಗೋಣಿಚೀಲ ಸುತ್ತಿ, ಮಣ್ಣಿನ ಮೇಲೆ ಒಣ ಎಲೆ ಹಾಸಿ. ಇನ್ನೊಂದು ಪರೀಕ್ಷೆ: ರೆಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಕೊಡವಿ. ಬಿದ್ದ ಚುಕ್ಕಿಗಳು ಓಡಾಡಿದರೆ ಅದು ನುಸಿ, ಒಣ ಸೆಕೆಗೆ ಇದಕ್ಕೆ ಹಬ್ಬ. ಪೈಪಿನಿಂದ ಜೋರಾಗಿ ನೀರು ಹೊಡೆದು ತೊಳೆಯಿರಿ. ಆಮೇಲೆ ಸಂಜೆ ಹೊತ್ತು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಸೇರಿಸಿ ಸಿಂಪಡಿಸಿ.

ಪೊದೆಯ ಒಳಗಡೆ ಮಾತ್ರ ಕಂದಾಗಿದ್ದರೆ ಹೆದರಬೇಡಿ, ಹಳೆಯ ಎಲೆ ಉದುರುವುದು ಸಹಜ. ನಿತ್ಯಹಸಿರು ಅಂದರೆ ಎಲೆ ಉದುರಲ್ಲ ಅಂತಲ್ಲ, ಎಲ್ಲ ಒಟ್ಟಿಗೇ ಉದುರಲ್ಲ ಅಂತ ಅಷ್ಟೇ. ಕತ್ತರಿಸುವಾಗ ಮಾತ್ರ ಹಸಿರು ಇರುವ ತನಕ ಕತ್ತರಿಸಿ. ಎಲೆಯಿಲ್ಲದ ಹಳೆ ಕಟ್ಟಿಗೆಯಿಂದ ಇದು ಚಿಗುರುವುದು ಬಹಳ ಅಪರೂಪ.

ಪ್ರಶ್ನೆ: ಕ್ರಿಸ್‌ಮಸ್ ಗಿಡವನ್ನು ಮಳೆಗಾಲದಲ್ಲಿ ಹೊರಗಿಡಬಹುದೇ?
– ಓದುಗರು, ಮಂಗಳೂರು

ಉತ್ತರ: ಸಿಟ್‌ಔಟ್‌ನ ಮಾಡಿನ ಕೆಳಗೆ ಇಡಿ. ಜೂನ್‌ನಿಂದ ನಿಮ್ಮೂರಿನ ಮಳೆಗೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಕುಂಡದ ಮಣ್ಣು ಒಣಗುವುದೇ ಇಲ್ಲ.

ಪ್ರಶ್ನೆ: ಇಲ್ಲಿ ಅಂಗಡಿಯಲ್ಲಿ ಮಿನುಗುವ ಪುಡಿ ಸಿಂಪಡಿಸಿದ ಪುಟ್ಟ ನಾರ್ಫೋಕ್ ಗಿಡ ಸಿಕ್ಕಿತು. ಹೀಟರ್ ಹಾಕಿದ ಮೇಲೆ ತುದಿಗಳು ಒಣಗುತ್ತಿವೆ.
– ಕನ್ನಡತಿ, ಟೊರೊಂಟೊ

ಉತ್ತರ: ಹೀಟರ್ ಗಾಳಿ ನೇರ ತಾಗುವ ಜಾಗದಿಂದ ಮೊದಲು ಎತ್ತಿಡಿ. ದಕ್ಷಿಣದ ಕಿಟಕಿ ಒಳ್ಳೆಯದು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರು ಹಾಕಿ ಅದರ ಮೇಲೆ ಕುಂಡ ಇಡಿ, ಕುಂಡದ ತಳ ಮಾತ್ರ ನೀರಿಗೆ ತಾಗಬಾರದು. ಹಿಮ ಇದಕ್ಕೆ ಆಗಲ್ಲ, ಬೇಸಿಗೆ ಬರುವ ತನಕ ಹೊರಗೆ ಬೇಡ. ಮಿನುಗು ಹೋಗಲ್ಲ, ಹೊಸ ಚಿಗುರು ಹಸಿರಾಗಿ ಬರುತ್ತದೆ. ಒಂದೇ ಕುಂಡದಲ್ಲಿ ಮೂರ್ನಾಲ್ಕು ಸಸಿ ಒತ್ತಾಗಿ ನೆಟ್ಟಿರುತ್ತಾರೆ, ಕೀಳಲು ಹೋಗಬೇಡಿ. ಬೇರು ಹರಿದರೆ ಎಲ್ಲವೂ ಹೋಗುತ್ತವೆ.

ಪ್ರಶ್ನೆ: ನನ್ನ ಕ್ರಿಸ್‌ಮಸ್ ಗಿಡ ಒಂದು ಕಡೆ ವಾಲುತ್ತಿದೆ. ಕೋಲು ಕಟ್ಟಲೇ?
– ಓದುಗರು, ಮೈಸೂರು

ಉತ್ತರ: ಕಿಟಕಿ ಕಡೆ ವಾಲುತ್ತಿದ್ದರೆ ಬೆಳಕಿನ ಆಸೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಸಾಕು.

ನಿಮ್ಮದು ನಾರ್ಫೋಕ್ ಗಿಡದ ದಾಯಾದಿ ಕುಕ್ ಪೈನ್ ಆಗಿರಲೂಬಹುದು. ನರ್ಸರಿಗಳಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ, ಚಿಕ್ಕದಿದ್ದಾಗ ಗುರುತು ಹಿಡಿಯುವುದೂ ಕಷ್ಟ. ಅದಕ್ಕೊಂದು ವಿಚಿತ್ರ ಚಾಳಿ ಇದೆ. ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ! ಬೇರೆ ಬೇರೆ ಖಂಡಗಳ ಮರಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ವಾಲು 8.55 ಡಿಗ್ರಿ. ನಮ್ಮ ಕಡೆ ಅಂದರೆ ದಕ್ಷಿಣಕ್ಕೆ. ಮುಂದಿನ ಸಲ ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್‌ನ ಆರಾಕೇರಿಯಾಗಳ ಹತ್ತಿರ ಸ್ವಲ್ಪ ದೂರದಲ್ಲಿ ನಿಂತು, ಮೊಬೈಲ್‌ನಲ್ಲಿ ದಿಕ್ಕು ನೋಡಿಕೊಂಡು, ಯಾವ ಮರ ಯಾವ ಕಡೆ ವಾಲಿದೆ ಅಂತ ನೋಡಿ ನನಗೂ ಬರೆಯಿರಿ.