ಅಪ್ಪನ ಕ್ಯಾಮೆರಾಗೆ ಮತ್ತೆ ರೀಲು ಹಾಕೋದಾ?

ಹೋದ ತಿಂಗಳು ಇದೇ ಪುಟದಲ್ಲಿ, ಮುಂಬಯಿ ಫೋರ್ಟಿನ ಬೋರಾ ಬಜಾರಿಗೆ ಹೋಗಿ ಒಂದು ರೀಲು ತಗೊಂಡು ಬಂದೆ ಅಂತ ಮಾತಿನ ಮಧ್ಯೆ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರ, ಮೇಲು, ವಾಟ್ಸಾಪು ಎಲ್ಲಾ ಸೇರಿ ಎಷ್ಟು ಬಂತು ಅಂದ್ರೆ ಈ ಸಲ ಬಾಕಿ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಬರೀ ರೀಲಿನದ್ದೇ. (ಮೊಬೈಲಲ್ಲಿ ಕುಣಿಯೋ ರೀಲ್ ಅಲ್ಲ ಮಾರಾಯ್ರೆ, ಕ್ಯಾಮೆರಾಗೆ ಹಾಕೋ ರೀಲು. ಒಬ್ಬರು ಹಾಗೇ ತಿಳ್ಕೊಂಡು ಬರೆದಿದ್ರು, ಅವರಿಗೆ ಬೇರೆ ಉತ್ತರ ಕಳಿಸಿದ್ದೇನೆ.)

ಪ್ರಶ್ನೆ: ನಮ್ಮಪ್ಪಾರು ಹೋಗಿ ಎರಡು ವರ್ಷ ಆತ್ರಿ. ಮೊನ್ನೆ ಕಪಾಟು ಸ್ವಚ್ಛ ಮಾಡೂ ಮುಂದ ಅವರ ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಸಿಕ್ತು. ರೀಲು ಹಾಕಿ ನೋಡೂಣು ಅಂದ್ರ ಮಗ ನಗತಾನ, ಮೊಬೈಲಿನಾಗ ಇದಕಿಂತ ಛಲೋ ಬರ್ತಾವಲ್ಲ ಅಂತಾನ. ಖರೇನ ಇದರಾಗ ಏನರ ಸುಖ ಐತೇನ್ರಿ, ಇಲ್ಲಾ ಬರೇ ಹಳೇದರ ಹುಚ್ಚೋ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಮಗ ಹೇಳಿದ್ದರಲ್ಲಿ ತಪ್ಪಿಲ್ಲ, ಮೊದಲು ಅದನ್ನ ಒಪ್ಕೊಂಡುಬಿಡೋಣ. ರಾತ್ರಿ ಲಕ್ಷ್ಮಿ ರೋಡಿನಲ್ಲಿ ನಿಂತು ಅವನು ಮೊಬೈಲಲ್ಲಿ ಒಂದೇ ಏಟಿಗೆ ತೆಗೆಯೋ ಫೋಟೋ ನಿಮ್ಮ ಯಾಶಿಕಾದಲ್ಲಿ ಅಷ್ಟು ಸಲೀಸಾಗಿ ಬರಲ್ಲ. ಫಿಲ್ಮ್‌ನ ಬಣ್ಣದಲ್ಲಿ ಏನೋ ಮಾಯೆ ಉಂಟು ಅಂತ ಹೇಳ್ತಾರಲ್ಲ, ಅದರಲ್ಲೂ ಅರ್ಧ ಸ್ಕ್ಯಾನ್ ಮಾಡುವವನ ಕೈಚಳಕ. ಆದ್ರೆ ಮೀನು ತಿನ್ನಬೇಕು ಅಂದ್ರೆ ಮಾರ್ಕೆಟ್ಟಿಗೆ ಹೋದ್ರೆ ಆಯ್ತಲ್ಲ, ಗಾಳ ಹಾಕ್ಕೊಂಡು ಹೊಳೆಬದಿಯಲ್ಲಿ ಮೂರು ಗಂಟೆ ಕೂತವನ ಹತ್ರ ಕೆಜಿಗೆ ಎಷ್ಟು ಬಿತ್ತು ಅಂತ ಯಾರಾದ್ರೂ ಕೇಳ್ತಾರಾ? ಇದೂ ಹಾಗೇ, ಸುಖ ಇರೋದು ಕೆಲಸದಲ್ಲಿ. ಲಿವರ್ ಎಳೆದ್ರೆ ಒಳಗಡೆ ಹಲ್ಲಿನ ಚಕ್ರ ತಿರುಗಿದ್ದು ಹೆಬ್ಬೆರಳಿಗೇ ಗೊತ್ತಾಗತ್ತೆ, ಮಸುಕಾಗಿದ್ದ ಮುಖ ಲೆನ್ಸ್ ತಿರುಗಿಸ್ತಾ ತಿರುಗಿಸ್ತಾ ಸ್ಪಷ್ಟ ಆಗತ್ತೆ, ಬಟನ್ ಒತ್ತಿದ ಕೂಡಲೇ ಒಳಗಿನ ಕನ್ನಡಿ ಮೇಲೆದ್ದು ಚಣ ಹೊತ್ತು ಎಲ್ಲಾ ಕಪ್ಪು. ಅಂದ್ರೆ ನೀವು ಯಾವ ಕ್ಷಣದ ಫೋಟೋ ತೆಗೆದ್ರೋ ಸರಿಯಾಗಿ ಅದೊಂದು ಕ್ಷಣ ನಿಮ್ಮ ಕಣ್ಣಿಗೆ ಬಿದ್ದಿರಲ್ಲ, ರೀಲು ತೊಳೆಸಿದ (ಅಂದ್ರೆ ಡೆವಲಪ್ ಮಾಡಿಸಿದ) ಮೇಲೇ ಮೊದಲ ಸಲ ನೋಡೋದು. ನನಗೆ ಮೂವತ್ತು ವರ್ಷ ಆದ್ರೂ ಇದು ಹಳೇದಾಗಿಲ್ಲ.

ಈಗ ಮುಖ್ಯದ್ದು, ದಯವಿಟ್ಟು ಗಮನ ಕೊಟ್ಟು ಓದಿ. ಕ್ಯಾಮೆರಾದ ಹಿಂದಿನ ಬಾಗಿಲು ತೆಗೀಬೇಡಿ. ಎಡಗಡೆ ಮೇಲೆ ರೀಲು ಹಿಂದಕ್ಕೆ ಸುತ್ತೋ ಪುಟ್ಟ ಹಿಡಿ ಉಂಟಲ್ಲ, ಅದನ್ನ ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ ನೋಡಿ. ಸಡಿಲವಾಗಿ ಸುಮ್ನೆ ತಿರುಗ್ತಾನೇ ಇದ್ರೆ ಹೆಚ್ಚುಕಮ್ಮಿ ಖಾಲಿ ಅಂತ ಲೆಕ್ಕ. ಎಲ್ಲೋ ಎಳೆದು ಹಿಡಿದ ಹಾಗೆ ಬಿಗಿ ಆದ್ರೆ ಒಳಗೆ ರೀಲು ಉಂಟು, ಅಪ್ಪ ಅರ್ಧ ತೆಗೆದು ಬಿಟ್ಟಿದ್ದು. ಹಾಗಿದ್ರೆ ಕೆಳಗಡೆಯ ಪುಟ್ಟ ಬಟನ್ ಒತ್ತಿ ಪೂರ್ತಿ ಹಿಂದಕ್ಕೆ ಸುತ್ತಿ, ಬಿಗಿ ಬಿಟ್ಟು ಹಿಡಿ ಹಗುರ ಆದ ಮೇಲೇನೇ ಬಾಗಿಲು ತೆಗೀರಿ. ಹಳೇ ಕಲರ್ ರೀಲಿನ ಬಣ್ಣ ಕೆಟ್ಟಿರಬಹುದು, ಪೂರ್ತಿ ಮಂಜು ಕವಿದಿರಲೂಬಹುದು, ಆದ್ರೂ ಕೈಯಲ್ಲಿ ತೊಳೆಯುವವರ ಹತ್ರ ಕೊಟ್ಟು ಕಪ್ಪು ಬಿಳುಪಿನ ಹಾಗೆ ತೊಳೆದು ನೋಡಿ ಅಂತ ಕೇಳಿ, ಕೆಲವು ಸಲ ಆಕಾರಗಳಾದ್ರೂ ಉಳಿದಿರತ್ತೆ. ಏನು ಬರತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಅಪ್ಪ ಕೊನೆಗೆ ಎಲ್ಲಿ ನಿಂತು ಏನು ನೋಡಿದ್ರು ಅನ್ನೋದು ಒಳಗೆ ಕೂತಿರಬಹುದು, ಗಡಿಬಿಡಿಯಲ್ಲಿ ಬಾಗಿಲು ತೆಗೆದು ಬಿಸಿಲಿಗೆ ಹಿಡಿದ್ರೆ ಅದೂ ಹೋಯ್ತು.

ಖಾಲಿ ಇದ್ರೆ ಬ್ಯಾಟರಿ ನೋಡಿ. ಈ ಮಾಡೆಲ್ಲಿನ ಶಟರ್ ಪೂರ್ತಿ ಮೆಕ್ಯಾನಿಕಲ್ಲು, ಎಲ್‌ಆರ್44 ಸೆಲ್ ಎರಡು ಬೇಕಾಗೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಮೀಟರ್ ಸತ್ತಿದ್ರೂ ಚಿಂತೆ ಬೇಡ, ಚೊಕ್ಕ ಬಿಸಿಲಿಗೆ ಲೆನ್ಸಿನ ಕಿಂಡಿಯನ್ನ ಎಫ್16ಕ್ಕೆ ಇಟ್ಟು ಶಟರಿನ ವೇಗವನ್ನ ರೀಲಿನ ಐಎಸ್‌ಒ ನಂಬರಿನ ಹತ್ತಿರಕ್ಕೆ ಇಡೋದು, 400ರ ರೀಲಿಗೆ 500 (ಅಂದ್ರೆ ಸೆಕೆಂಡಿನ ಐನೂರನೇ ಒಂದು ಭಾಗ), ಇಷ್ಟೇ ಹಳೇ ಸ್ಟುಡಿಯೋದವರ ಗುಟ್ಟು. ಬಾಗಿಲಿನ ಅಂಚಲ್ಲಿ ಕಪ್ಪು ಸ್ಪಂಜು ಅಂಟಂಟಾಗಿ ಕೈಗೆ ಮೆತ್ತಿದ್ರೆ ಅದನ್ನ ಬದಲಾಯಿಸಲೇಬೇಕು, ಇಲ್ಲದಿದ್ರೆ ಬೆಳಕು ನುಗ್ಗತ್ತೆ.

ಇನ್ನೊಂದು ನನ್ನದೇ ಮರ್ಯಾದೆ ಹೋದ ಕತೆ. ಚಿಕ್ಕಪ್ಪನ ಮಗಳ ಮದುವೆ, ಮುಹೂರ್ತ, ಧಾರೆ, ಹೆಣ್ಣು ಒಪ್ಪಿಸೋದು ಎಲ್ಲಾ ತೆಗೆದೆ, 36 ಆಯ್ತು, 37, 38, 40 ಆದ್ರೂ ಲಿವರ್ ಎಳೀತಾನೇ ಉಂಟು, ಆವಾಗ ಹೊಟ್ಟೆ ಚುರ್ ಅಂತು. ರೀಲಿನ ಬಾಲ ಬಲಗಡೆ ಸುರುಳಿಗೆ ಸಿಕ್ಕೇ ಇರಲಿಲ್ಲ, ಒಂದು ಫ್ರೇಮೂ ಮುಂದೆ ಹೋಗಿಲ್ಲ. ಆ ತಂಗಿ ಈಗಲೂ ದೀಪಾವಳಿಗೆ ಸಿಕ್ಕಿದ್ರೆ ಅದನ್ನೇ ಎತ್ತೋದು. ಅದಕ್ಕೇ ರೀಲು ಹಾಕಿದ ಮೇಲೆ ಲಿವರ್ ಎಳೆಯುವಾಗ ಎಡಗಡೆ ಹಿಡಿಯೂ ತಿರುಗ್ತದಾ ನೋಡಿ, ತಿರುಗಿದ್ರೆ ಮಾತ್ರ ರೀಲು ಓಡ್ತಿದೆ.

ಪ್ರಶ್ನೆ: ಒಂದು ರೀಲಿಗೆ ಎಷ್ಟು ಖರ್ಚು ಸ್ವಾಮಿ? ಕಮ್ಮಿ ಮಾಡೋ ದಾರಿ ಇದ್ರೆ ತಿಳಿಸಿ.
— ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಹೋದ ಸಲ ನನಗೆ ರೀಲು, ತೊಳೆಸೋದು, ಸ್ಕ್ಯಾನು ಸೇರಿ ಒಂದೂವರೆ ಸಾವಿರ ಆಯ್ತು. 36ರಿಂದ ಭಾಗಿಸಿ, ಒಂದು ಕ್ಲಿಕ್ಕಿಗೆ ಹೆಚ್ಚುಕಮ್ಮಿ 42 ರೂಪಾಯಿ, ಎರಡು ವಡಾಪಾವ್. ಸ್ಟೇಷನ್ನಿನಲ್ಲಿ ನಿಂತು ಬಟನ್ ಒತ್ತೋ ಮೊದಲು ವಡಾಪಾವ್ ನೆನಪಾಗೋದು ಒಳ್ಳೇದೇ, ಕೈ ಹಿಡಿತದಲ್ಲಿರತ್ತೆ. ಕಮ್ಮಿ ಆಗಬೇಕು ಅಂದ್ರೆ ಕಪ್ಪು ಬಿಳುಪಿನ 100 ಅಡಿಯ ದೊಡ್ಡ ಸುರುಳಿ ತಗೊಂಡು ನೀವೇ ಡಬ್ಬಿಗೆ ತುಂಬಿಸ್ಕೊಳ್ಳಿ, 36ರ ರೀಲು ಸುಮಾರು 18 ಆಗತ್ತೆ. ಇಲ್ಲಾ ಹಾಫ್ ಫ್ರೇಮ್ ಕ್ಯಾಮೆರಾ ನೋಡಿ, ಅದೇ ರೀಲಲ್ಲಿ 72 ಬರತ್ತೆ. ಹೊಸದೇ ಒಂದು ಬಂದಿದೆ, ಪೆಂಟ್ಯಾಕ್ಸ್ 17, 2024ರಲ್ಲಿ ಬಿಟ್ಟದ್ದು, ಆದ್ರೆ ಅದರ ರೇಟು ನೋಡಿದ್ರೆ ಉಳಿತಾಯದ ಮಾತೇ ಮರೆತುಹೋಗತ್ತೆ.

ಸಿನಿಮಾ ಶೂಟಿಂಗಿನ ಫಿಲ್ಮ್ ಕತ್ತರಿಸಿ ತುಂಬಿಸಿದ ರೀಲು ಅಗ್ಗಕ್ಕೆ ಸಿಗತ್ತೆ ಅಂತ ಕೆಲವರು ಬರೆದಿದ್ದಾರೆ. ಹೌದು, ಆದ್ರೆ ಅದರಲ್ಲಿ ಹಲವುದರ ಬೆನ್ನಿಗೆ ಕಪ್ಪು ಇಂಗಾಲದ ಪದರ ಇರತ್ತೆ, ರೆಮ್‌ಜೆಟ್ ಅಂತಾರೆ. ಹೇಳದೆ ಕೇಳದೆ ಮಾಮೂಲಿ ಲ್ಯಾಬಿನ ಮೆಷಿನ್ನಿಗೆ ಕೊಟ್ರೆ ಆ ಮಸಿ ಎಲ್ಲಾ ಕೆಮಿಕಲ್ಲಿಗೆ ಸೇರಿ ಬೇರೆಯವರ ರೀಲೂ ಹಾಳು. ಮೊದಲೇ ಹೇಳಿ ಕೊಡಿ.

ಪ್ರಶ್ನೆ: ಮಳೆಗಾಲ ಮುಗಿದು ಕ್ಯಾಮೆರಾ ಹೊರಗೆ ತೆಗೆದ್ರೆ ಲೆನ್ಸ್ ಒಳಗೆ ಜೇಡರ ಬಲೆ ಥರ ಕಾಣ್ತಿದೆ. ಏನಿದು?
— ಓದುಗಿ, ವಾಸ್ಕೋ, ಗೋವಾ

ಉತ್ತರ: ಫಂಗಸ್ಸು, ನಮ್ಮ ಬೂಷ್ಟು. ಉಪ್ಪಿನಕಾಯಿಗೆ ಬಂದ್ರೆ ಮೇಲಿಂದ ತೆಗೆದುಬಿಡ್ತೀರಿ, ಇಲ್ಲಿ ಲೆನ್ಸ್ ಬಿಚ್ಚಬೇಕು, ಅದನ್ನ ಗೊತ್ತಿದ್ದವರ ಕೈಗೇ ಕೊಡಿ. ಮುಖ್ಯ ಕಳ್ಳ ಯಾರು ಅಂದ್ರೆ ಆ ಚೆಂದದ ಚರ್ಮದ ಕೇಸು, ತೇವ ಹೀರ್ಕೊಂಡು ಕೂರತ್ತೆ. ಅದನ್ನ ಬೇರೆ ಇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ವಾಪಸ್. ರೀಲನ್ನ ಫ್ರಿಜ್ಜಿನಲ್ಲಿಡಿ, ಆದ್ರೆ ಹೊರಗೆ ತೆಗೆದ ಮೇಲೆ ಒಂದು ತಾಸಾದ್ರೂ ಸೀಲ್ ಒಡೀಬೇಡಿ, ಗೋವಾದ ಗಾಳಿಗೆ ಫಿಲ್ಮ್ ಮೇಲೆ ನೀರು ಕೂರತ್ತೆ. ತೆಗೆದು ಮುಗಿಸಿದ ರೀಲನ್ನ ಬೇಗ ತೊಳೆಸಿ, ವರ್ಷಗಟ್ಟಲೆ ಇಟ್ರೆ ಒಳಗಿನ ಚಿತ್ರ ಮಂಕಾಗತ್ತೆ.

ಪ್ರಶ್ನೆ: ನಮ್ಮದು ಒಂದು ರೂಮು ಕಿಚನ್ನಿನ ಮನೆ. ರೀಲು ಮನೆಯಲ್ಲೇ ತೊಳೀಬಹುದಾ? ಕೆಂಪು ಲೈಟು ಎಲ್ಲಿ ಹಾಕೋದು?
— ಕಾಲೇಜು ವಿದ್ಯಾರ್ಥಿನಿ, ಮುಲುಂಡ್

ಉತ್ತರ: ತೊಳೀಬಹುದು ಮಗಳೇ, ಬಾತ್‌ರೂಮ್ ಸಾಕು. ಕೆಂಪು ಲೈಟು ಸಿನಿಮಾದಲ್ಲಿ ನೋಡಿದ್ದಲ್ವಾ, ಅದು ಪ್ರಿಂಟ್ ಹಾಕೋ ಪೇಪರಿಗೆ ಮಾತ್ರ. ಮಾಮೂಲಿ ಕಪ್ಪು ಬಿಳುಪಿನ ಫಿಲ್ಮ್‌ಗೆ ಕೆಂಪೂ ಕಾಣತ್ತೆ, ಅದಕ್ಕೆ ಬೇಕಾಗೋದು ಅಮಾವಾಸ್ಯೆ ಕತ್ತಲೆ. ರಾತ್ರಿ ಮನೆಯ ಲೈಟೆಲ್ಲ ಆರಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಐದು ನಿಮಿಷ ಸುಮ್ನೆ ಕೂರು. ಕಣ್ಣು ಹೊಂದಿಕೊಂಡ ಮೇಲೂ ನಿನ್ನ ಕೈ ನಿನಗೆ ಕಾಣದಿದ್ರೆ ಸರಿ. ಆ ಕತ್ತಲೆಯಲ್ಲಿ ರೀಲನ್ನ ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಸುರುಳಿಗೆ ಏರಿಸಿ, ಬೆಳಕು ನುಗ್ಗದ ಪುಟ್ಟ ಡೆವಲಪಿಂಗ್ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿದ್ರೆ ಮುಗೀತು, ಮುಂದಿನದ್ದೆಲ್ಲ ಲೈಟಿನಲ್ಲೇ.

ಮುಂಬಯಿಯ ತೊಂದರೆ ಎರಡು. ಒಂದು ಬೆವರು. ಮೇ ತಿಂಗಳಲ್ಲಿ ಫ್ಯಾನಿಲ್ಲದ ಬಾತ್‌ರೂಮಲ್ಲಿ ಬೆರಳು ಒದ್ದೆ ಆಗಿ ಫಿಲ್ಮ್ ಅರ್ಧಕ್ಕೇ ಸುರುಳಿಗೆ ಅಂಟಿ ನಿಲ್ಲತ್ತೆ, ಮುಂದೂ ಹೋಗಲ್ಲ ಹಿಂದೂ ಬರಲ್ಲ, ಲೈಟ್ ಹಾಕೋ ಹಾಗಿಲ್ಲ. ಹೊರಗಿಂದ ಹೆಂಡತಿ, ಎಂತ ಮಾಡ್ತಾ ಇದ್ದೀರಿ ಒಳಗೆ ಅರ್ಧ ಗಂಟೆಯಿಂದ, ಮಕ್ಕಳಿಗೆ ಹೋಗ್ಬೇಕು ಅಂತ ಬಾಗಿಲು ಬಡೀತಾ ಇರ್ತಾಳೆ. ಅದಕ್ಕೇ ಹಾಳಾದ ಒಂದು ರೀಲು ಇಟ್ಕೊಂಡು ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ, ಟಿವಿ ನೋಡ್ತಾ ನೋಡ್ತಾ ಹತ್ತು ಸಲ ಏರಿಸಿ ಅಭ್ಯಾಸ ಮಾಡು. ಸುರುಳಿ ಚೂರೂ ತೇವ ಇರಬಾರದು.

ಎರಡನೇದು ನೀರಿನ ಬಿಸಿ. ಪುಸ್ತಕಗಳ ಲೆಕ್ಕ ಎಲ್ಲಾ 20 ಡಿಗ್ರಿಗೆ, ನಮ್ಮ ನಲ್ಲಿಯಲ್ಲಿ ಬರೋದು ಮೂವತ್ತರ ಹತ್ತಿರ. ಇಲ್‌ಫರ್ಡ್ ಎಚ್‌ಪಿ5 ರೀಲಿಗೆ ಡಿ-76 ಡೆವಲಪರಲ್ಲಿ (ಫಿಲ್ಮ್ ಮೇಲೆ ಚಿತ್ರ ಮೂಡಿಸೋ ದ್ರಾವಣ) 20 ಡಿಗ್ರಿಗೆ ಏಳೂವರೆ ನಿಮಿಷ. ನೀರು ಬಿಸಿ ಇದ್ದಷ್ಟೂ ಹೊತ್ತು ಕಮ್ಮಿ ಮಾಡಬೇಕು, ಆದ್ರೆ ಐದು ನಿಮಿಷಕ್ಕಿಂತ ಕೆಳಗೆ ಬಂದ್ರೆ ಸಮನಾಗಿ ತೊಳೆಯಲ್ಲ, ಪಟ್ಟೆ ಬೀಳತ್ತೆ. ನಾನು ಮಾಡೋದು ಹೀಗೆ: ಡೆವಲಪರಿಗೆ ಅಷ್ಟೇ ನೀರು ಬೆರೆಸ್ತೇನೆ, ಆಗ 20 ಡಿಗ್ರಿಗೆ 11 ನಿಮಿಷ ಸಿಗತ್ತೆ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತಡ್ಕೊಳ್ಳತ್ತೆ. ಬಕೆಟಿನಲ್ಲಿ ಫ್ರಿಜ್ಜಿನ ಐಸು ಹಾಕಿ ಬಾಟಲಿಗಳನ್ನ ಅದರಲ್ಲಿ ನಿಲ್ಲಿಸೋದು, ಥರ್ಮಾಮೀಟರ್ ನೋಡ್ತಾ ಇರೋದು. ಐಸು ಬಕೆಟಿಗೆ ಮಾತ್ರ, ಡೆವಲಪರಿಗೆ ಬೇಡ. ಡೆವಲಪರ್ ಆದ ಮೇಲೆ ನೀರು, ಆಮೇಲೆ ಹೈಪೋ, ಅದು ಬೆಳಕು ತಾಗದ ಬೆಳ್ಳಿಯ ಉಪ್ಪನ್ನ ಕರಗಿಸಿ ತೆಗೆಯೋದು. ಬಳಸಿದ ಹೈಪೋದಲ್ಲಿ ಬೆಳ್ಳಿ ಇರತ್ತೆ, ಮೋರಿಗೆ ಸುರೀಬೇಡ, ಡಬ್ಬಿಯಲ್ಲಿ ಕೂಡಿಸಿ ಲ್ಯಾಬಿನವರಿಗೆ ಕೊಡು. ನಮ್ಮ ಬಿಲ್ಡಿಂಗಿಗೆ ನೀರು ಬರೋದು ಬೆಳಿಗ್ಗೆ ಮಾತ್ರ, ಅದಕ್ಕೆ ನಾನು ತೊಳೆಯೋದು ಐದು ಗಂಟೆಗೆ, ಕೊನೆಗೆ ಚೆನ್ನಾಗಿ ನೀರು ಹರಿಸಬೇಕಲ್ಲ.

ಪ್ರಿಂಟ್ ಹಾಕೋ ಸುಖದ ಬಗ್ಗೆ ನೀನು ಕೇಳಿಲ್ಲ, ಆದ್ರೂ ಹೇಳ್ತೇನೆ. ಊರಿಂದ ಬಂದ ಹೊಸದರಲ್ಲಿ ಹಗಲು ಕ್ಯಾಂಟೀನು, ರಾತ್ರಿ ಶಾಲೆ, ರಜೆಯ ದಿನ ಪರೇಲಿನ ಒಂದು ಸ್ಟುಡಿಯೋದಲ್ಲಿ ಟ್ರೇ ತೊಳೆಯೋ ಕೆಲಸ ನನ್ನದು. ಒಂದು ದಿನ ಮಾಲಕರು ಕೆಂಪು ಲೈಟಿನಲ್ಲಿ ಬಿಳೀ ಕಾಗದ ಒಂದನ್ನ ಟ್ರೇಗೆ ಹಾಕಿ, ಟ್ರೇಯನ್ನ ಮೆಲ್ಲ ಅಲುಗಿಸ್ತಾ ಇರು, ಕಣ್ಣು ತೆಗೀಬೇಡ ಅಂದ್ರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಿಳೀ ಕಾಗದದಲ್ಲಿ ಮೊದಲು ಕೂದಲು ಬಂತು, ಹುಬ್ಬು ಬಂತು, ಎರಡು ಕಣ್ಣಿನ ಗುಡ್ಡೆ ಬಂತು, ಮುಖ ಇನ್ನೂ ಇಲ್ಲ, ಆಮೇಲೆ ಮೂಗಿನ ನೆರಳು, ಕೊನೆಗೆ ಕೆನ್ನೆ. ಯಾರೋ ಮಿಲ್ಲಿನ ಕೆಲಸದವರ ಪಾಸ್‌ಪೋರ್ಟ್ ಫೋಟೋ ಅದು, ನನಗೆ ಅವರ ಹೆಸರೂ ಗೊತ್ತಿಲ್ಲ, ಆ ಮುಖ ಮಾತ್ರ ಈಗಲೂ ಗೊತ್ತು.

ಪ್ರಶ್ನೆ: ಮನೆಯಲ್ಲಿ ಅಗ್ಫಾ ಕ್ಲಿಕ್ ಥ್ರೀಯಲ್ಲಿ ತೆಗೆದ ನಮ್ಮ 1972ರ ಮದುವೆಯ ನೆಗೆಟಿವ್ ಉಂಟು. ಪ್ರಿಂಟು ಕಳೆದುಹೋಗಿದೆ. ಈಗ ಏನಾದ್ರೂ ಆಗ್ತದಾ?
— ಹಿರಿಯ ಓದುಗಿ, ಮಾಟುಂಗಾ

ಉತ್ತರ: ಖಂಡಿತ ಆಗ್ತದಮ್ಮ, ನೆಗೆಟಿವ್ ಇದ್ರೆ ಪ್ರಿಂಟ್ ಹೋದದ್ದಕ್ಕೆ ಚಿಂತೆಯೇ ಇಲ್ಲ. ದೆಹಲಿಯಲ್ಲಿ ನೆಹರೂ ಕಾಲದ ಫೋಟೋ ತೆಗೆದ ಹೋಮಾಯ್ ವ್ಯಾರವಾಲಾ ನಮ್ಮ ಮುಂಬಯಿಯ ಜೆಜೆ ಸ್ಕೂಲಿನಲ್ಲೇ ಕಲಿತವರು. 1970ರ ಹೊತ್ತಿಗೇ ಕ್ಯಾಮೆರಾ ಕೆಳಗಿಟ್ರು, 2012ರಲ್ಲಿ ತೀರಿಹೋದ್ರು, ಅವರ ಹಳೇ ಫೋಟೋಗಳನ್ನ ನಾವು ಇವತ್ತೂ ನೋಡ್ತೇವೆ. ಕ್ಲಿಕ್ ಥ್ರೀಯಲ್ಲಿ 120ರ ರೀಲು, ಒಂದು ರೀಲಿಗೆ 12 ಫೋಟೋ, ನೆಗೆಟಿವ್ 6 ಸೆಂಟಿಮೀಟರ್ ಚೌಕ, ದೊಡ್ಡದಿರೋದ್ರಿಂದ ಸ್ಕ್ಯಾನ್ ಚೆನ್ನಾಗೇ ಬರತ್ತೆ. ಅಂಚಲ್ಲಿ ಕಂಪನಿ ಹೆಸರು ಏನುಂಟು ನೋಡಿ. ಊಟಿಯಲ್ಲಿ 1960ರಲ್ಲಿ ಸರ್ಕಾರ ಶುರು ಮಾಡಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಅನ್ನೋ ಫಿಲ್ಮ್ ಇರಬಹುದು, ಆ ಫ್ಯಾಕ್ಟರಿ ಈಗಿಲ್ಲ, ಅದರ ನೆಗೆಟಿವ್ ನಿಮ್ಮ ಹತ್ರ ಉಳಿದಿರತ್ತೆ.

ಮೂಸಿ ನೋಡಿ, ವಿನೆಗರ್ ವಾಸನೆ ಬಂದ್ರೆ ಫಿಲ್ಮ್ ಕೊಳೆಯೋಕೆ ಶುರುವಾಗಿದೆ ಅಂತ ಅರ್ಥ, ಅದನ್ನ ಬೇರೆಯವುಗಳಿಂದ ದೂರ ಇಟ್ಟು ಬೇಗ ಸ್ಕ್ಯಾನ್ ಮಾಡಿಸಿ. ಪ್ಲಾಸ್ಟಿಕ್ ಆಲ್ಬಮ್ಮಿನ ಕವರಿನಿಂದ ತೆಗೆದು ಕಾಗದದ ಕವರಿಗೆ ಹಾಕಿ. ಮುಟ್ಟುವಾಗ ಅಂಚು ಹಿಡೀರಿ, ಮೊಮ್ಮಕ್ಕಳಿಗೆ ತೋರಿಸುವಾಗ ಕಿಟಕಿಗೆ ಹಿಡಿದು ತೋರಿಸಿ. ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ ಅಲ್ವಾ, ಮದುಮಗಳ ಕೂದಲು ಬೆಳ್ಳಗೆ, ಮಲ್ಲಿಗೆ ಕಪ್ಪಗೆ ಕಾಣತ್ತೆ, ಮಕ್ಕಳಿಗೆ ಭಾರೀ ಮಜಾ.

ಪ್ರಶ್ನೆ: ವಿಮಾನದಲ್ಲಿ ಮಂಗಳೂರಿಗೆ ರೀಲು ತಗೊಂಡು ಹೋಗಬಹುದಾ?
— ಓದುಗರೊಬ್ಬರು, ಠಾಣೆ

ಉತ್ತರ: ಕೈಚೀಲದಲ್ಲಿ. ಲಗೇಜಿಗೆ ಹಾಕಿದ್ರೆ ಅಲ್ಲಿನ ಎಕ್ಸ್‌ರೇ ಜೋರು, ರೀಲು ಮಂಜಾಗತ್ತೆ. ಹೊಸ ಸಿ.ಟಿ. ಸ್ಕ್ಯಾನರ್ (ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಥರದ್ದು) ಇದ್ರೆ ಕೈಚೀಲದಲ್ಲೂ ಅಪಾಯ, ಪಾರದರ್ಶಕ ಕವರಿನಲ್ಲಿಟ್ಟು ಕೈಯಲ್ಲೇ ಚೆಕ್ ಮಾಡಿ ಅಂತ ಕೇಳ್ಕೊಳ್ಳಿ. ಇಲ್ಲಾ ಮತ್ಸ್ಯಗಂಧ ರೈಲು ಹಿಡೀರಿ, ಬಾಗಿಲ ಹತ್ರ ಹೋಗದೆ ಕಿಟಕಿ ಪಕ್ಕ ಕೂತ್ರೆ ಒಂದು ರೀಲು ಮುಗಿಸೋದು ಕಷ್ಟ ಏನಲ್ಲ.

ಪ್ರಶ್ನೆ: ಈಗ ನಿಮ್ಮ ಕ್ಯಾಮೆರಾದಲ್ಲಿ ಎಂತ ಉಂಟು?
— ಓದುಗಿ, ಅಂಧೇರಿ

ಉತ್ತರ: ಎಚ್‌ಪಿ5. ನಂಬರ್ 31ರಲ್ಲಿ ನಿಂತಿದೆ, ಐದು ಉಳಿದಿದೆ. ಮೊನ್ನೆ ಭಾನುವಾರ ಕಿಂಗ್ಸ್ ಸರ್ಕಲ್ಲಿನ ಹೂವಿನ ಅಂಗಡಿ ಮುಂದೆ ಒಂದು ತೆಗೆದೆ, ಮಾರುವ ಅಜ್ಜಿ ನಕ್ಕರೋ ಮುಖ ತಿರುಗಿಸಿದ್ರೋ ಗೊತ್ತಿಲ್ಲ, ಕನ್ನಡಿ ಎದ್ದಿತ್ತು.